ವಿರಾಮವೂ ಪುನರಾರಂಭವೂ

ಬೇಸಗೆಯ ರಜೆಯನ್ನು ಊರಿನಲ್ಲಿ ಕಳೆದು ಮುಂಬಯಿಗೋ ಪುಣೆಗೋ ಹಿಂದಿರುಗಿದ ಮೇಲೆ, ಕಚೇರಿಯ ಮೊದಲ ದಿನ ನಮ್ಮಲ್ಲಿ ಅನೇಕರಿಗೆ ಭಾರವೆನಿಸುತ್ತದೆ. ಉಡುಪಿಯ ಕನಕನ ಕಿಂಡಿಯ ಮುಂದೆ ನಿಂತ ಕ್ಷಣ, ಮಂತ್ರಾಲಯದ ತುಂಗಭದ್ರಾತೀರ, ಹಿರಿಯರ ಮನೆಯ ಜಗಲಿ ಇವೆಲ್ಲ ಕಣ್ಣಮುಂದೆ ಇರುವಾಗಲೇ ಲೋಕಲ್ ಗಾಡಿಯ ನೂಕುನುಗ್ಗಲು ಎದುರಾಗುತ್ತದೆ. ಆಗ ಮನಸ್ಸು ಹೇಳುತ್ತದೆ: ‘ಅಲ್ಲಿದ್ದವನೇ ನಿಜವಾದ ನಾನು, ಇಲ್ಲಿ ಹೊಟ್ಟೆಪಾಡಿಗಾಗಿ ದುಡಿಯುವವನು ಬೇರೆ ಯಾರೋ.’ ಇದನ್ನು ಕೇವಲ ಆಲಸ್ಯದ ಮಾತೆಂದು ತಳ್ಳಿಹಾಕುವಂತಿಲ್ಲ. ಜೀವಸ್ವರೂಪವನ್ನು ಕುರಿತ ಒಂದು ಅಭಿಪ್ರಾಯವೇ ಇದರ ಹಿಂದೆ ಅಡಗಿದೆ. ಆದುದರಿಂದ ಇದು ವಿಚಾರಾರ್ಹವಾಗಿದೆ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬಂದಾಗ, ಸೂತ್ರಕಾರರು ಬಡಗಿಯ ದೃಷ್ಟಾಂತವನ್ನು ಕೊಡುತ್ತಾರೆ. ಶ್ರೀ ಶಂಕರಾಚಾರ್ಯರು ಇದನ್ನು ವಿವರಿಸುವ ರೀತಿ ಹೀಗಿದೆ: ಉಪಕರಣಗಳನ್ನು ಹಿಡಿದು ದುಡಿಯುವಾಗ ಬಡಗಿಯು ದುಃಖಿ, ಮನೆಗೆ ಬಂದು ಅವನ್ನು ಕೆಳಗಿಟ್ಟಾಗ ಸುಖಿ. ಹಾಗೆಯೇ ಆತ್ಮನಿಗೆ ಕರ್ತೃತ್ವವು ಉಪಾಧಿಯಿಂದ ಬಂದದ್ದು, ಸಹಜವಲ್ಲ. ಶ್ರೀಮದಾಚಾರ್ಯರು ಅದೇ ಬಡಗಿಯಲ್ಲಿ ಬೇರೊಂದನ್ನು ಕಾಣುತ್ತಾರೆ. ಬಡಗಿಯು ಕೆಲಸ ಮಾಡಿಸುವವನ ಅಧೀನನಾಗಿದ್ದಾನೆ. ಆದರೂ ಕೆತ್ತುವವನು ಅವನೇ. ಅಂತೆಯೇ ಜೀವನ ಕರ್ತೃತ್ವವು ಸತ್ಯ, ಆದರೆ ಅದು ಶ್ರೀಹರಿಯ ಅಧೀನ.

ರಜೆಯಿಂದ ಮರಳಿದವನ ಮನಸ್ಸಿಗೆ ಈ ಎರಡನೆಯ ಮಾತು ಹೆಚ್ಚು ಹತ್ತಿರದ್ದು. ಉಳಿಯನ್ನು ಕೆಳಗಿಟ್ಟಾಗ ಮಾತ್ರ ನಾವು ನಾವಾಗಿರುತ್ತೇವೆ ಎಂಬುದು ನಮ್ಮ ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಮುಕ್ತರು ಕೂಡ ನಿಷ್ಕ್ರಿಯರಲ್ಲ. ಅವರು ಆನಂದದಿಂದ ಭಗವಂತನನ್ನು ಉಪಾಸಿಸುತ್ತಾರೆಂದೇ ನಮ್ಮ ನಂಬಿಕೆ. ಹಾಗಿರುವಾಗ ಸುಖವೆಂದರೆ ಕೆಲಸವಿಲ್ಲದಿರುವಿಕೆ ಎಂದು ತಿಳಿಯುವುದು ಹೇಗೆ? ಇನ್ನೊಂದು ಕಡೆ, ಮೇಜಿನ ಮೇಲೆ ರಾಶಿಬಿದ್ದ ಕಡತಗಳನ್ನು ಕಂಡು ‘ಇದೆಲ್ಲವೂ ನನ್ನೊಬ್ಬನಿಂದಲೇ ಆಗಬೇಕು’ ಎಂದು ಎದೆಗುಂದುವವನೂ ತಪ್ಪು ತಿಳಿದಿದ್ದಾನೆ. ಕೆತ್ತುವುದು ನಮ್ಮದು, ಮಾಡಿಸುವವನು ಬೇರೆ ಇದ್ದಾನೆ.

ಇಲ್ಲೊಂದು ಆಕ್ಷೇಪವು ಬರಬಹುದು. ಬಡಗಿಗೆ ತಾನು ಮಾಡಿದ ಬಾಗಿಲು ಕಣ್ಣಿಗೆ ಕಾಣುತ್ತದೆ. ಲಾಭವೊಂದನ್ನೇ ನೋಡುವ ಸಂಸ್ಥೆಯಲ್ಲಿ ದಿನವಿಡೀ ಅಂಕಿಗಳನ್ನು ತುಂಬುವವನು ಅದನ್ನು ಪೂಜೆಯೆಂದು ತಿಳಿಯುವುದಾದರೂ ಹೇಗೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಎಲ್ಲ ಕೆಲಸವೂ ಅರ್ಪಣೆಗೆ ಯೋಗ್ಯವಲ್ಲ. ವಂಚನೆಯಿಂದ ನಡೆಯುವ ಕೆಲಸಕ್ಕೆ ಮರಳಲು ಮನಸ್ಸು ಹಿಂಜರಿದರೆ, ಆ ಹಿಂಜರಿಕೆಯನ್ನು ಗೌರವಿಸಲೇಬೇಕು. ಆದರೆ ಬಹುಪಾಲು ನಮ್ಮ ಬೇಸರಕ್ಕೆ ಕಾರಣ ಅಧರ್ಮವಲ್ಲ, ಏಕತಾನತೆ ಮಾತ್ರ. ಆ ಅಂಕಿಗಳ ಆಚೆ ಒಬ್ಬ ಮನುಷ್ಯನಿದ್ದಾನೆ: ಪಿಂಚಣಿಗಾಗಿ ಕಾದಿರುವ ವೃದ್ಧ, ವಿಮೆಯ ಹಣವನ್ನು ನಂಬಿರುವ ವಿಧವೆ. ನಮ್ಮ ಬೇಸರದ ಬೆಲೆಯನ್ನು ತೆರುವವರು ಅವರು. ಸಂಬಳವನ್ನು ಪಡೆದು ದೇಹವನ್ನು ಮಾತ್ರ ಕುರ್ಚಿಯಲ್ಲಿ ಕೂರಿಸುವುದು ಅಸ್ತೇಯಕ್ಕೆ ಭಂಗವೇ ಸರಿ.

ಹಾಗೆಂದು ಮೊದಲ ದಿನವೇ ಮೈಮುರಿದು ದುಡಿಯಬೇಕೆಂದು ಅರ್ಥವಲ್ಲ. ವಿರಾಮಕ್ಕೂ ಪುನರಾರಂಭಕ್ಕೂ ನಮ್ಮ ಪೂರ್ವಿಕರು ಕ್ರಮವನ್ನು ಹಾಕಿಕೊಟ್ಟಿದ್ದಾರೆ. ವೇದಾಧ್ಯಯನಕ್ಕೂ ಅನಧ್ಯಾಯದ ದಿನಗಳಿವೆ. ವರ್ಷದಲ್ಲೊಮ್ಮೆ ಅಧ್ಯಯನವನ್ನು ಬಿಡುವುದು ಉತ್ಸರ್ಜನ, ಮತ್ತೆ ಹಿಡಿಯುವುದು ಉಪಾಕರ್ಮ. ಶ್ರಾವಣದಲ್ಲಿ ಮಠದ ಶಾಖೆಯಲ್ಲಿ ಸೇರಿ ಯಜ್ಞೋಪವೀತವನ್ನು ಧರಿಸುವ ನಾವು ಇದನ್ನು ಬಹುಮಟ್ಟಿಗೆ ಮರೆತಿದ್ದೇವೆ. ಕಲಿತ ಮಂತ್ರಗಳು ಸತ್ತ್ವಗುಂದಿ ಹಳಸಿದಂತಾಗುವ ‘ಯಾತಯಾಮತಾ’ ದೋಷದ ಪರಿಹಾರವೂ ಆ ಕರ್ಮದ ಒಂದು ಉದ್ದೇಶ. ಅಂದು ಇಡೀ ವೇದವನ್ನು ಒಪ್ಪಿಸೆಂದು ಯಾರೂ ಕೇಳುವುದಿಲ್ಲ. ದೇವ-ಋಷಿಗಳನ್ನು ಸ್ಮರಿಸಿ ಆದಿಯ ಭಾಗವನ್ನು ಉಚ್ಚರಿಸಿದರೆ ಆರಂಭವಾದಂತೆ. ಬಿಟ್ಟಿದ್ದು ಅಪರಾಧವೆಂದಲ್ಲ, ಹಿಡಿಯುವಾಗ ಶ್ರದ್ಧೆಯಿಂದ ಹಿಡಿಯಬೇಕೆಂದು ಇದರ ತಾತ್ಪರ್ಯ.

ಕಚೇರಿಗೂ ಇದೇ ಕ್ರಮವು ಹೊಂದುತ್ತದೆ. ಸಾಧ್ಯವಾದರೆ ಒಂದು ದಿನ ಮೊದಲೇ ಊರಿನಿಂದ ಹೊರಡೋಣ. ರಜೆಯಲ್ಲಿ ಸಡಿಲಗೊಂಡ ಸಂಧ್ಯಾವಂದನೆ, ದೇವರಪೂಜೆಗಳನ್ನು ಮೊದಲು ಸರಿಪಡಿಸಿಕೊಳ್ಳೋಣ. ಬೆಳಗಿನ ಹೊತ್ತು ಹದಕ್ಕೆ ಬಂದರೆ ಉಳಿದ ದಿನವು ತಾನಾಗಿ ಹದಕ್ಕೆ ಬರುತ್ತದೆ. ಮೊದಲ ದಿನ ರಾಶಿಯೆಲ್ಲವನ್ನೂ ಕೆದಕದೆ, ಯಾರಾದರೂ ಕಾದು ಕುಳಿತಿರುವ ಒಂದು ಕೆಲಸವನ್ನು ಆರಿಸಿ ಪೂರ್ತಿಗೊಳಿಸೋಣ. ಇನ್ನೊಂದನ್ನೂ ಗಮನಿಸಬೇಕು. ಊರಿನಲ್ಲಿ ನಾವು ಜಗಲಿಯಲ್ಲಿ ಕುಳಿತಿದ್ದಾಗಲೂ ಮನೆಯ ಹೆಣ್ಣುಮಕ್ಕಳಿಗೆ ಅಡಿಗೆಮನೆಯು ತಪ್ಪಿರಲಿಲ್ಲ. ಮರಳಿ ಬಂದೊಡನೆ ಗಂಟುಮೂಟೆ ಬಿಚ್ಚುವ ಕೆಲಸವೂ ಅವರ ಪಾಲಿಗೇ ಬಂದಿತು. ನಮ್ಮ ದಣಿವನ್ನು ಹೇಳಿಕೊಳ್ಳುವ ಮೊದಲು ಆ ಕೆಲಸಕ್ಕೆ ಕೈಹಚ್ಚುವುದು ಒಳ್ಳೆಯ ಪುನರಾರಂಭವಾದೀತು.

ಉಡುಪಿಯಲ್ಲಿ ಕಂಡ ಕೃಷ್ಣನು ಉಡುಪಿಯಲ್ಲೇ ಉಳಿದುಬಿಟ್ಟನೆಂದರೆ ಅವನ ಸರ್ವವ್ಯಾಪ್ತಿಯನ್ನು ನಾವು ಒಪ್ಪಿದಂತಾಗಲಿಲ್ಲ. ಯಾತ್ರೆಯ ಫಲವು ಯಾತ್ರೆ ಮುಗಿದ ಮೇಲೆ, ಕೆಲಸದ ಮೇಜಿನ ಬಳಿ ತಿಳಿಯತಕ್ಕದ್ದು. ಅಲ್ಲಿ ಪಡೆದ ಪ್ರಸನ್ನತೆಯಲ್ಲಿ ಸ್ವಲ್ಪವಾದರೂ ನಮ್ಮೆದುರು ಬಂದು ನಿಲ್ಲುವವನಿಗೆ ದೊರೆತರೆ ರಜೆಯೂ ಸಾರ್ಥಕ, ಕೆಲಸವೂ ಸಾರ್ಥಕ.

ಶ್ರೀಕೃಷ್ಣಾರ್ಪಣಮಸ್ತು.