ಒಂದು ಮಧ್ಯಾಹ್ನದ ಮಟ್ಟಿಗೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈಗ ಬಿಡ್ ಮೊಬೈಲಿನಲ್ಲೇ ಹೋಗುತ್ತದೆ. ಆದರೂ ರೀಲರ್ ಮೊದಲು ಗೂಡನ್ನು ಕೈಗೆತ್ತಿಕೊಂಡು ಒತ್ತಿ ನೋಡುತ್ತಾನೆ, ಅಲುಗಾಡಿಸುತ್ತಾನೆ. ತಂದ ರೈತ ಎಷ್ಟು ಹಳೆಯ ಪರಿಚಯದವನಾದರೂ ಸರಿ. ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಮಗುವನ್ನು ಒಂದು ಮಧ್ಯಾಹ್ನ ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಮಾತ್ರ ನಾಲ್ಕು ಪ್ರಶ್ನೆ ಕೇಳಲು ನಮಗೆ ಸಂಕೋಚ. ‘ಗೊತ್ತಿರೋರೇ ಅಲ್ವಾ, ಒಂದು ಹೊತ್ತಿಗೆ ತಾನೆ’ ಅಂದುಬಿಡುತ್ತೇವೆ.

ಗಂಡ ಬಿಡದಿಯ ಕಾರ್ಖಾನೆಯ ಪಾಳಿಗೆ, ಹೆಂಡತಿ ಬೆಂಗಳೂರಿನ ರೈಲಿಗೆ, ಅಜ್ಜಿ ಮಾಗಡಿ ಕಡೆಯ ಹಳ್ಳಿಯಲ್ಲಿ ಹಸು ಬಿಟ್ಟು ಬರಲಾರರು. ಇಂಥ ಮನೆಗಳಲ್ಲಿ ಎಂದೋ ಒಂದು ದಿನ ಯಾರನ್ನಾದರೂ ಕರೆಯಲೇಬೇಕಾಗುತ್ತದೆ.

ದಿನಾ ಬರುವವರ ಗುಣದೋಷ ವಾರದೊಳಗೆ ತಾನಾಗಿ ತಿಳಿಯುತ್ತದೆ. ಮಗುವೂ ಅವರಿಗೆ ಹೊಂದಿಕೊಳ್ಳುತ್ತದೆ. ವರ್ಷಕ್ಕೆ ಮೂರು ಸಲ ಬರುವವರ ವಿಷಯದಲ್ಲಿ ಆ ಅವಕಾಶವೇ ಇಲ್ಲ. ಹಾಗಾಗಿ, ಅಪರೂಪಕ್ಕೆ ಕರೆಯುವವರನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು ಎಂದು ನನಗನ್ನಿಸುತ್ತದೆ.

ಬರೀ ಮಾತುಕತೆ ಸಾಲದು, ನಾವೂ ಮನೆಯಲ್ಲಿದ್ದು ಎರಡು ತಾಸು ಅವರನ್ನು ಮಗುವಿನ ಜೊತೆ ಬಿಟ್ಟು ನೋಡಬೇಕು. ನಾವು ವಿಚಾರಿಸಿದ ಒಬ್ಬ ಹುಡುಗಿ ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಉತ್ತರಿಸಿದಳು. ಮಗು ಅತ್ತ ಕೂಡಲೇ ಮೊಬೈಲ್ ಕೈಗಿಟ್ಟಳು. ಇನ್ನೊಬ್ಬ ಹೆಂಗಸು ‘ನೋಡ್ಕೋತೀನಿ ಬಿಡಿ’ ಎಂದದ್ದು ಬಿಟ್ಟರೆ ಮಾತೇ ಆಡಲಿಲ್ಲ. ಆದರೆ ಒಳಗೆ ಬಂದವರೇ ಅಂಗಳದ ಸಂಪಿನ ಮುಚ್ಚಳವನ್ನು ಕಾಲಿನಿಂದ ಒತ್ತಿ ನೋಡಿದರು, ಟೀಪಾಯಿ ಮೇಲಿದ್ದ ಕಡಲೆಬೀಜದ ಬಟ್ಟಲನ್ನು ಎತ್ತಿ ಮೇಲಿಟ್ಟರು. ಮಗು ರಚ್ಚೆ ಹಿಡಿದಾಗ ಎತ್ತಿಕೊಳ್ಳಲು ಧಾವಿಸಲಿಲ್ಲ. ಪಕ್ಕದಲ್ಲಿ ಕೂತು ಚನ್ನಪಟ್ಟಣದ ಬುಗುರಿ ತಿರುಗಿಸುತ್ತಾ ಅದೇ ಬರಲಿ ಎಂದು ಕಾದರು. ನಾವು ಮನೆಯಲ್ಲೇ ಇದ್ದು ಕಳೆದ ಆ ಎರಡು ತಾಸು ಇಲ್ಲದಿದ್ದರೆ ಹುಡುಗಿಯನ್ನೇ ಆರಿಸುತ್ತಿದ್ದೆವು.

ಪರಿಚಯವೇ ಪರೀಕ್ಷೆ ಎನ್ನುವ ನಂಬಿಕೆ ಮಗುವಿಗೆ ಅಪಾಯ. ಪೋಕ್ಸೊ ಪ್ರಕರಣಗಳ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎನ್ನುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲೇ ಇದೆ. ಹಾಗಿದ್ದೂ ನಾವು ಪ್ರಶ್ನೆ ಕೇಳುವುದು ಬಡ ಹೆಂಗಸರನ್ನು. ನೆಂಟರ ಹುಡುಗನನ್ನು ಕೇಳುವುದಿಲ್ಲ. ಕೇಳುವುದಾದರೆ ಎಲ್ಲರನ್ನೂ ಕೇಳಬೇಕು. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು, ಆದರೂ ಅವರಿಗೆ ತರಬೇತಿ ಕೊಡುತ್ತಾರೆ. ಮಕ್ಕಳನ್ನು ಹೆತ್ತು ಸಾಕಿದವರಿಗೆ ಇದೆಲ್ಲ ಯಾಕೆ ಎಂದು ಅಲ್ಲಿ ಬಿಟ್ಟುಬಿಡಲಿಲ್ಲ.

ಆ ಎರಡು ತಾಸಿಗೂ ಕೂಲಿ ಕೊಡಬೇಕು. ಪುಕ್ಕಟೆ ದುಡಿಸಿ ನೋಡುವುದು ಅನ್ಯಾಯ. ನೋಡುವುದು ನಾವೊಬ್ಬರೇ ಅಲ್ಲ, ಅವರೂ ನಮ್ಮನ್ನು ನೋಡುತ್ತಿರುತ್ತಾರೆ; ಈ ಮನೆ ಬೇಡ ಎನ್ನುವ ಹಕ್ಕು ಅವರಿಗೂ ಇದೆ. ಹೊರಡುವಾಗ ಆ ಹೆಂಗಸು ಕೇಳಿದರು: ‘ನೀವು ಬರೋದು ತಡ ಆದ್ರೆ ಫೋನ್ ಮಾಡ್ತೀರಾ? ನನಗೂ ಹಾಲು ಕರೆಯೋ ಹೊತ್ತಾಗುತ್ತೆ.’ ವಾಪಸು ಬರುವ ಹೊತ್ತು, ತಡವಾದರೆ ಕೊಡಬೇಕಾದ ಹೆಚ್ಚಿನ ಕೂಲಿ, ಮಗುವಿನ ಡಾಕ್ಟರ ನಂಬರು, ಜೊತೆಗೆ 108, ಇಷ್ಟನ್ನು ಅವರೆದುರೇ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆವು.