ಬಿರುಕಿನ ತುದಿ ಎಲ್ಲಿದೆ?



ಪಾಳ್ಯದ ಸುತ್ತಿನ ತೋಟದ ದಾರಿಗಳಲ್ಲಿ ಓಡಾಡುವ ಹಳೆಯ ಜೀಪು, ಪಿಕಪ್ಪುಗಳ ಒಳಗೆ ಒಮ್ಮೆ ಇಣುಕಿ ನೋಡಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮೀಟರಿನ ಪಕ್ಕದಿಂದ ಒಂದು ಬಿರುಕು ಹೊರಟಿರುತ್ತದೆ. ಕೆಲವರು ಆ ಬಿರುಕಿನ ಮೇಲೆಯೇ ಮಾತೆ ಮರಿಯಮ್ಮನವರ ಚಿತ್ರ ಅಂಟಿಸಿಬಿಡುತ್ತಾರೆ. ಭಕ್ತಿಯೇನೋ ನಿಜ, ಆದರೆ ಚಿತ್ರದ ಕೆಳಗೆ ಬಿರುಕು ಬೆಳೆಯುತ್ತಲೇ ಇರುತ್ತದೆ.

ನಮ್ಮ ಎಷ್ಟೋ ಮನೆಗಳ ಸ್ಥಿತಿಯೂ ಇದೇ ಅಲ್ಲವೇ? ತೋಟ ಪಾಲಾದ ದಿನದಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಭಾನುವಾರ ಒಂದೇ ದೇವಾಲಯಕ್ಕೆ ಬರುತ್ತಾರೆ, ಒಬ್ಬರು ಬಲಗಡೆ, ಇನ್ನೊಬ್ಬರು ಎಡಗಡೆ. ಇಬ್ಬರೂ ಪರಮಪ್ರಸಾದ ಸ್ವೀಕರಿಸುತ್ತಾರೆ. ಇಬ್ಬರ ಮನೆಯಲ್ಲೂ ಸಂಜೆ ಜಪಸರ ತಪ್ಪುವುದಿಲ್ಲ.

ಗ್ಯಾರೇಜಿನಲ್ಲಿ ಇಂಥ ಡ್ಯಾಶ್‌ಬೋರ್ಡನ್ನು ಸರಿಪಡಿಸುವ ಕ್ರಮವನ್ನು ಗಮನಿಸಿದರೆ ನಮಗೆ ಒಂದು ಪಾಠವಿದೆ. ಬಲ್ಲ ಕೆಲಸಗಾರ ಮೊದಲು ಬ್ಯಾಟರಿಯ ತಂತಿ ತೆಗೆದು, ಆಮೇಲೆ ಹಲಗೆಯನ್ನು ಬಿಚ್ಚಿ ಮಗುಚುತ್ತಾನೆ. ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಸಾಮಾನ್ಯವಾಗಿ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಎ.ಬಿ.ಎಸ್. ಎಂದಿದ್ದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಬಿರುಕಿಗೆ ತುಂಬಬಹುದು. ಪಿ.ಪಿ. ಎಂದಿದ್ದರೆ ಅದು ಸಾಧಾರಣ ಅಂಟಿಗೆ ಬಗ್ಗುವುದಿಲ್ಲ, ಕಾಯಿಸಿ ಬೆಸೆಯಬೇಕು. ಒಂದಕ್ಕೆ ಹೊಂದುವ ಮದ್ದು ಇನ್ನೊಂದಕ್ಕೆ ಹೊಂದದು. ಹಿರಿಯ ಮಗನಿಗೆ ಹೇಳಿದ ಹಾಗೆಯೇ ಕಿರಿಯವನಿಗೂ ಹೇಳಿ ಸೋತ ತಂದೆತಾಯಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಬಿರುಕು ತುಂಬುವ ಮೊದಲು ಅದರ ತುದಿಯನ್ನು ಹುಡುಕಬೇಕು. ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದೆಯೇ ಅದು ಇರುತ್ತದೆ. ಅಲ್ಲಿ ಡ್ರಿಲ್ಲಿನಿಂದ ಎರಡು ಮೂರು ಮಿಲಿಮೀಟರಿನ ಸಣ್ಣ ತೂತು ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ಎಷ್ಟು ಚೆಂದಾಗಿ ತುಂಬಿದರೂ ಗಾಡಿಯ ಅಲುಗಾಟಕ್ಕೆ ಬಿರುಕು ಮುಂದಕ್ಕೆ ಓಡುತ್ತದೆ. ಇನ್ನು ಬಣ್ಣ. ವರ್ಷಗಟ್ಟಲೆ ಹೊಳಪಿಗೆಂದು ಹಚ್ಚಿದ ಪಾಲಿಶಿನ ಜಿಡ್ಡನ್ನು ಪೂರ್ತಿ ತೊಳೆದು, ಉಜ್ಜಿ, ಪ್ರೈಮರ್ ಹಾಕದಿದ್ದರೆ ಹೊಸ ಬಣ್ಣ ಹಿಡಿಯುವುದಿಲ್ಲ. ನಾವು ಹೊಳಪಿಗೆಂದು ಹಚ್ಚಿದ್ದೇ ಅಡ್ಡಿಯಾಗುತ್ತದೆ!

ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿ ಗಲಿಲೇಯ ಸರೋವರದ ದಡದಲ್ಲಿ ಯಕೋಬ, ಯೊವಾನ್ನರನ್ನು ಕರೆಯುತ್ತಾರೆ. ಆಗ ಅವರು ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರು. ಗ್ರೀಕ್ ಮೂಲದಲ್ಲಿ ಅದಕ್ಕೆ ಬಳಸಿರುವ ಪದ 'ಕತಾರ್ತಿಜೊ'. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ತಪ್ಪಿನಲ್ಲಿ ಸಿಕ್ಕಿಬಿದ್ದ ಸಹೋದರನನ್ನು ಏನು ಮಾಡಬೇಕು ಎಂದು ಹೇಳುವಾಗಲೂ ಇದೇ ಪದವನ್ನು ಬಳಸುತ್ತಾರೆ. ಹರಿದ ಬಲೆಯನ್ನು ಬೆಸ್ತನು ಸರಿಪಡಿಸುವಂತೆ ಅವನನ್ನು ಸರಿಪಡಿಸಬೇಕು, ಅದೂ ಸೌಮ್ಯವಾಗಿ, ತಾನೂ ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು. ಬಲೆ ಹರಿದರೆ ಬೆಸ್ತನು ಬಲೆಯ ಮೇಲೆ ಕೋಪಿಸಿಕೊಂಡು ಕೂರುವುದಿಲ್ಲ. ಹೊಟ್ಟೆಪಾಡು ಅದರಲ್ಲಿದೆ.

ಗಟ್ಟಿ ತೇಪೆ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಬಾಗುವ ಪ್ಲಾಸ್ಟಿಕ್ಕಿಗೆ ಕಲ್ಲಿನಂತೆ ಗಟ್ಟಿಯಾಗುವ ಎಂ-ಸೀಲ್ ಮೆತ್ತಿದರೆ ಕೆಲವು ದಿನಗಳಲ್ಲೇ ಅದರ ಅಂಚಿನಲ್ಲಿ ಹೊಸ ಬಿರುಕು ಏಳಬಹುದು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ದೊಡ್ಡದಾಗುತ್ತದೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಓದಿದಾಗ ನನಗೆ ನೆನಪಾಗುವುದು ನಮ್ಮ ಊರ ಪಂಚಾಯಿತಿಗಳೇ. ನಾಲ್ಕು ಜನ ಹಿರಿಯರು ಸೇರಿ ಒಂದೇ ಸಂಜೆಯಲ್ಲಿ ಇಬ್ಬರ ಕೈ ಹಿಡಿಸಿ 'ರಾಜಿ ಆಯಿತು' ಎಂದು ಕಾಫಿ ಕುಡಿದು ಎದ್ದುಹೋಗುತ್ತಾರೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ಮತ್ತೆ ಅಟ್ಟಿ 'ಸಹಿಸಿಕೊಂಡು ಹೋಗಮ್ಮ' ಎನ್ನುವುದು ಸರಿಪಡಿಸುವಿಕೆಯಲ್ಲ, ಅದು ಬಿರುಕಿನ ಮೇಲೆ ಚಿತ್ರ ಅಂಟಿಸುವ ಕೆಲಸ. ಸಂಗಾತಿಯಿಂದ ದೇಹಕ್ಕಾಗಲಿ ಮನಸ್ಸಿಗಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಬದುಕಲು ನ್ಯಾಯವಾದ ಕಾರಣವಿದೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮವೇ ಹೇಳುತ್ತದೆ. ಹಿಂದೆ ತಂತಿ ಸುಡುತ್ತಿರುವಾಗ ಮುಂದಿನ ಹಲಗೆಗೆ ಬಣ್ಣ ಹೊಡೆಯುತ್ತಾ ಕೂರುವವರು ಯಾರು?

ಆದರೆ ಮಾತು ಬಿಟ್ಟ ಅಣ್ಣತಮ್ಮಂದಿರ ಸಂಗತಿ ಅಂಥದ್ದಲ್ಲ. ಬೇಲಿಯನ್ನು ಯಾರು ಎಷ್ಟು ಅಡಿ ಒತ್ತಿದರು, ಅಪ್ಪನ ಆಸ್ಪತ್ರೆಯ ಖರ್ಚು ಯಾರು ಕೊಟ್ಟರು, ಈ ಲೆಕ್ಕ ಇಂದೇ ಮುಗಿಯಲಿಕ್ಕಿಲ್ಲ. ಅದು ಬಿರುಕಿನ ಬುಡ. ನೀವು ಈಗ ಅದರ ತುದಿಯನ್ನು ನೋಡಿ. ನಿಮ್ಮ ಮಗ, ಅವರ ಮಗಳು ಶಾಲೆಯ ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತಾರೆಯೇ? ಹಾಗಾದರೆ ಬಿರುಕು ಅಲ್ಲಿಗೆ ಮುಟ್ಟಿದೆ. ಕೊರೆಯಬೇಕಾದದ್ದು ಅಲ್ಲಿ.

ಮನೆಯಲ್ಲಿ ಈ ವರ್ಷ ಮಗುವಿನ ಪ್ರಥಮ ಪರಮಪ್ರಸಾದವಿದ್ದರೆ ದೊಡ್ಡಪ್ಪ ದೊಡ್ಡಮ್ಮನನ್ನು ಕರೆಯಿರಿ. ಇನ್ನೊಬ್ಬರ ಕೈಯಲ್ಲಿ ಕಾರ್ಡು ಕಳುಹಿಸಬೇಡಿ, ಫೋನಿನಲ್ಲಿ ಸಂದೇಶವೂ ಬೇಡ. ಮಗುವನ್ನು ಜೊತೆಗೆ ಕರೆದುಕೊಂಡು ನೀವೇ ಹೋಗಿ. ಬರುವುದು ಬಿಡುವುದು ಅವರಿಗೆ ಸೇರಿದ್ದು. ಅಪ್ಪ ಆ ಮನೆಯ ಮೆಟ್ಟಿಲು ಹತ್ತಿದ್ದನ್ನು ಮಗುವಂತೂ ನೋಡಿರುತ್ತದೆ.