ಮಾಮೂಲು

ಮಾಮೂಲು ಎಂಬ ಮಾತು ಅರಬಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ಕನ್ನಡಕ್ಕೆ ಬಂದದ್ದು. ರೂಢಿಯಲ್ಲಿರುವುದು, ಹಿಂದಿನಿಂದ ನಡೆದು ಬಂದದ್ದು ಎಂದಷ್ಟೇ ಅದರ ಅರ್ಥ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿ ಹೊಲದ ಉತಾರ ತೆಗೆಸಲು ಬಂದ ರೈತ 'ಮಾಮೂಲು ಕೊಟ್ಟು ಬಂದೆ' ಎಂದರೆ ಏನು ಕೊಟ್ಟ ಎಂದು ಯಾರೂ ಕೇಳುವುದಿಲ್ಲ. ಲಂಚಕ್ಕೆ ನಾವು ರೂಢಿ ಎಂದೇ ಹೆಸರಿಟ್ಟಿದ್ದೇವೆ.

ಇದು ನಮ್ಮ ರಕ್ತದಲ್ಲೇ ಇದೆ ಎನ್ನುವವರಿದ್ದಾರೆ. ಇಂಗ್ಲಿಷರ ಕಾಲದಲ್ಲಿ ಹೀಗಿರಲಿಲ್ಲ ಎಂದು ನಿಟ್ಟುಸಿರು ಬಿಡುವ ಹಿರಿಯರೂ ಇದ್ದಾರೆ. ಈ ಎರಡು ಮಾತುಗಳನ್ನು ಒರೆಗೆ ಹಚ್ಚಲು ನಮಗೆ ದೂರದ ಜಾವಾ ದ್ವೀಪ ನೆರವಾಗುತ್ತದೆ.

ಜಾವಾದ ದೇಶೀ ಅಧಿಪತಿಯನ್ನು ಬುಪಾತಿ ಎನ್ನುತ್ತಿದ್ದರು. ಪ್ರಜೆಗಳಿಂದ ಅಕ್ಕಿ, ಕೋಣ, ಬಿಟ್ಟಿ ದುಡಿಮೆ ಪಡೆಯುವುದು ಅವನ ಹಕ್ಕೆಂದು ನಡೆದು ಬಂದಿತ್ತು. ಅವನು ಅತಿಯಾಗಿ ಹಿಂಡಿದರೆ ರೈತರು ರಾತ್ರೋರಾತ್ರಿ ಊರು ಬಿಟ್ಟು ಇನ್ನೊಬ್ಬ ಧಣಿಯ ಸೀಮೆಗೆ ಹೋಗುತ್ತಿದ್ದರು. ನೆಲ ಹೆಚ್ಚು, ಕೈಗಳು ಕಡಿಮೆ ಇದ್ದ ಕಾಲವದು. ಆ ಭಯವೇ ಅವನ ಕೈಗೆ ಕಡಿವಾಣ. ಡಚ್ಚರು ಬಂದ ಮೇಲೆ ಬುಪಾತಿಯ ಬೆನ್ನಿಗೆ ಅವರ ಫೌಜು ನಿಂತಿತು. 1830ರಲ್ಲಿ ಬಂದ ಹೊಸ ಪದ್ಧತಿಯಂತೆ ರೈತ ತನ್ನ ಹೊಲದ ಒಂದು ಪಾಲಿನಲ್ಲಿ ಕಬ್ಬು, ನೀಲಿಯಂಥ ಬೆಳೆ ತೆಗೆದು ಸರಕಾರಕ್ಕೆ ಒಪ್ಪಿಸಬೇಕಾಯಿತು. ಬಂದ ಮಾಲಿನ ಮೇಲೆ ಡಚ್ ಅಧಿಕಾರಿಗೂ ಬುಪಾತಿಗೂ ಶೇಕಡಾ ಲೆಕ್ಕದಲ್ಲಿ ಪಾಲು! ಬುಪಾತಿ ಇನ್ನು ಮೇಲಿನವರಿಗೆ ಮಾತ್ರ ಅಂಜಿದರೆ ಸಾಕಿತ್ತು. ಹಳೆಯ ಪಡೆಯುವಿಕೆ ಉಳಿಯಿತು, ಹಳೆಯ ಅಂಜಿಕೆ ಹೋಯಿತು.

1856ರಲ್ಲಿ ಲೆಬಾಕ್ ಎಂಬಲ್ಲಿ ಡಚ್ ಅಧಿಕಾರಿಯಾಗಿದ್ದ ಡೌವೆಸ್ ಡೆಕ್ಕರ್, ಅಲ್ಲಿನ ಬುಪಾತಿ ಜನರ ದುಡಿಮೆಯನ್ನೂ ಕೋಣಗಳನ್ನೂ ಪುಕ್ಕಟೆ ಪಡೆಯುತ್ತಾನೆಂದು ದೂರಿದ. ಮೇಲಧಿಕಾರಿಗಳು ಜೊತೆ ನಿಲ್ಲಲಿಲ್ಲ. ಅವನೇ ರಾಜೀನಾಮೆ ಕೊಟ್ಟು, 1860ರಲ್ಲಿ ಮುಲ್ತಾತುಲಿ ಎಂಬ ಹೆಸರಿನಲ್ಲಿ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಪ್ರಕಟಿಸಿದ. ನಮ್ಮನ್ನು ಕಾಡುವ ಪ್ರಶ್ನೆ ಇದು: ಬುಪಾತಿ ಹೊಡೆದುಕೊಂಡು ಹೋದ ಕೋಣ ಭ್ರಷ್ಟಾಚಾರವಾದರೆ, ಹಡಗು ತುಂಬಿ ಹೋದ ಸಕ್ಕರೆ ಏನು? ಡಚ್ಚರ ಖಾತೆಯಲ್ಲಿ ಅದು ಉತ್ಪನ್ನ.

ಇನ್ನು ನಮ್ಮ ಸೀಮೆ. ಈ ನಾಲ್ಕೂ ತಾಲೂಕುಗಳು ಮುಂಬೈ ಇಲಾಖೆಯ ಕಲಾದಗಿ ಜಿಲ್ಲೆಗೆ, ಮುಂದೆ ವಿಜಾಪುರ ಜಿಲ್ಲೆಗೆ ಸೇರಿದ್ದವು. ಊರಿನ ಗೌಡಕಿ, ಕುಲಕರ್ಣಿಕೆಗಳು ವತನಗಳಾಗಿದ್ದವು. ಅವರಿಗೆ ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ಕಾಣಿಕೆ ಸಲ್ಲುತ್ತಿದ್ದವು. ಇಂಗ್ಲಿಷ್ ಸರಕಾರ 1874ರ ಕಾಯಿದೆಯಿಂದ ವತನಗಳನ್ನು ಕಟ್ಟಳೆಗೆ ತಂದು ಗೌಡನನ್ನು ತನ್ನ ಆಳು ಮಾಡಿಕೊಂಡಿತು. ವಂಶದ ಗತ್ತು ಹಾಗೆಯೇ ಉಳಿಯಿತು, ಅದರ ಮೇಲೆ ಸರಕಾರದ ಮೊಹರೂ ಬಿತ್ತು. ಈ ಊರ ವತನಗಳು ಕಾಯಿದೆಯಿಂದ ಪೂರ್ತಿ ರದ್ದಾಗಲು 1960ರ ದಶಕ ಬರಬೇಕಾಯಿತು.

ಇಂಗ್ಲಿಷರ ಕೈ ಶುದ್ಧವಿತ್ತು ಎನ್ನುವವರು 1888ರ ಕ್ರಾಫರ್ಡ್ ಪ್ರಕರಣ ನೆನೆಯಲಿ. ಆರ್ಥರ್ ಕ್ರಾಫರ್ಡ್ ಇದೇ ಮುಂಬೈ ಇಲಾಖೆಯ ಮಧ್ಯ ವಿಭಾಗದ ಕಮಿಷನರು. ನೇಮಕಾತಿಗೂ ವರ್ಗಾವಣೆಗೂ ಹಣ ಕೊಟ್ಟೆವೆಂದು ಮಾಮಲೇದಾರರು ಸಾಕ್ಷಿ ನುಡಿದರು. ವಿಚಾರಣಾ ಆಯೋಗ ಲಂಚದ ಆರೋಪದಿಂದ ಅವನನ್ನು ಬಿಟ್ಟಿತು. ಕೈಕೆಳಗಿನವರಿಂದ ಸಾಲ ಪಡೆದದ್ದು ಮಾತ್ರ ತಪ್ಪೆಂದಿತು. ಅವನ ಕೆಲಸ ಹೋಯಿತು ನಿಜ. ಅಭಯ ಪಡೆದು ಸಾಕ್ಷಿ ಹೇಳಿದ ಮಾಮಲೇದಾರರಲ್ಲೂ ಕೆಲವರು ಹುದ್ದೆ ಕಳೆದುಕೊಂಡರು. ಆ ಮಾಮಲೇದಾರರು ಕೊಟ್ಟ ಹಣವನ್ನು ಯಾರಿಂದ ಮರಳಿ ಗಳಿಸುತ್ತಿದ್ದರು ಎಂಬುದು ಊಹೆಗೆ ನಿಲುಕದ್ದೇನಲ್ಲ.

ಹಾಗೆಂದು ಅದಕ್ಕೂ ಹಿಂದಿನ ಕಾಲ ಸವಿಯಾಗಿತ್ತು ಎನ್ನಲು ನಾವು ತಯಾರಿಲ್ಲ. ಗೌಡರ ಮನೆಗೆ ಹೋದ ಕಾಳನ್ನು ಪ್ರೀತಿಯ ಕಾಣಿಕೆ ಎನ್ನುವವರು ದಲಿತ ಕೇರಿಯವರು ಮಾಡಿದ ಬಿಟ್ಟಿ ಚಾಕರಿಯನ್ನು ಏನೆಂದು ಕರೆದಾರು? ಊರು ಬಿಟ್ಟು ಹೋಗುವ ಧೈರ್ಯವೂ ಎಲ್ಲರಿಗೆ ಇರಲಿಲ್ಲ. ಆದ್ದರಿಂದ ಕೊಟ್ಟ ವಸ್ತು ಯಾವುದು, ಅದು ಎಷ್ಟು ಹಳೆಯ ರೂಢಿ ಎಂದು ನೋಡಿ ಫಲವಿಲ್ಲ. ಕೊಡುವವನು ಒಲ್ಲೆ ಎನ್ನಬಹುದಿತ್ತೇ ಎಂದು ಕೇಳಬೇಕು. ಪ್ರವಾದಿಯವರ ಕಾಲದಲ್ಲಿ ಝಕಾತ್ ಸಂಗ್ರಹಿಸಿ ಬಂದವನೊಬ್ಬ 'ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ' ಎಂದಾಗ, ನೀನು ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಅದು ಬರುತ್ತಿತ್ತೇ ಎಂಬರ್ಥದಲ್ಲಿ ಅವರು ಪ್ರಶ್ನಿಸಿದರು. ಉಡುಗೊರೆ ಬಂದದ್ದು ಮನುಷ್ಯನಿಗಲ್ಲ, ಕುರ್ಚಿಗೆ. ಆ ಕುರ್ಚಿಗೆ ಹೆದರುವವನಿಗೆ ಒಲ್ಲೆ ಎನ್ನುವ ಬಾಯಿ ಎಲ್ಲಿಂದ ಬರಬೇಕು?

ನಮ್ಮ ಕಾನೂನು ಈಗ ಇದೇ ಪ್ರಶ್ನೆಗೆ ಬಂದು ನಿಂತಿದೆ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಸಿಕ್ಕು ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಪಾರಾಗುತ್ತಾನೆ. ಇಂಡಿಯ ನಿಂಬೆ ತೋಟದ ರೈತನೊಬ್ಬ ಹೋಗಿ ಬಲವಂತವನ್ನು ರುಜುವಾತು ಮಾಡುವುದು ಹೇಗೆ? ಯಾರೂ ಅವನನ್ನು ಗದರಿಸಿಲ್ಲ, ಯಾರೂ ಬಾಯಿಬಿಟ್ಟು ಕೇಳಿಲ್ಲ. ಕಾಗದ ಮೇಜಿನ ಮೇಲೆ ಸುಮ್ಮನೆ ಮಲಗಿತ್ತು, ಮುಂದಿನ ವಾರ ಬಾ ಎಂದರು, ಅವನು ಮೂರು ಸಲ ಬಸ್ಸು ಹತ್ತಿ ಬಂದು ನಾಲ್ಕನೆಯ ಸಲ ಮಾಮೂಲು ಕೊಟ್ಟ.